ಬೆಳ್ಳಿ ರೂಪಾಯಿಯ ಆನೆ

ಗೋವಿಂದರಾಜನಗರದ ನಮ್ಮ ಬಾಡಿಗೆ ಮನೆಯಲ್ಲಿ ನೇರವಾಗಿ ಬಿಸಿಲು ಬೀಳುವ ಜಾಗ ಒಂದೇ ಇತ್ತು. ಮುಂದಿನ ಕೋಣೆಯ ಕಿಟಕಿಯ ಕೆಳಗೆ, ಒಂದು ಮೇಜು ಹಿಡಿಸುವಷ್ಟು. ಉಳಿದದ್ದೆಲ್ಲ ಹಗಲಲ್ಲೂ ಲೈಟು ಹಾಕಿಕೊಂಡು ಓಡಾಡಬೇಕಾದ ಮನೆ. ನಡುಮನೆಗೆ ಪಕ್ಕದವರ ಗೋಡೆ ಅಂಟಿಕೊಂಡಿತ್ತು, ಅಡುಗೆಮನೆಯ ಕಿಟಕಿಗೆ ಮಹಡಿ ಮೆಟ್ಟಿಲು ಅಡ್ಡ ಬಂದಿತ್ತು. ಆ ಒಂದು ಮೇಜಿನಷ್ಟು ಬಿಸಿಲು ಅಪ್ಪನದು. ಅವ್ವ ಅಕ್ಕಿ ಆರಿಸಲು ಮೊರ ಹಿಡಿದು ಅಲ್ಲಿಗೆ ಬಂದರೆ ಜಗಳ, ನಾನು ತಲೆ ಒಣಗಿಸಿಕೊಳ್ಳಲು ಅಲ್ಲಿ ನಿಂತರೆ ಜಗಳ, ಮಹಡಿ ಮೇಲಿದ್ದ ಓನರ್ ಪುಟ್ಟಮ್ಮ ಆಂಟಿ ಒದ್ದೆ ಸೀರೆಯನ್ನು ನಮ್ಮ ಕಿಟಕಿಯ ಮೇಲೆ ಇಳಿಬಿಟ್ಟರೆ ದೊಡ್ಡ ಜಗಳ. ಅಪ್ಪ ಹಳೆಯ ನಾಣ್ಯಗಳನ್ನು ನೋಡಿ ಹೇಳುವವನು. ಕೊಳ್ಳುವವನೂ ಅಲ್ಲ, ಮಾರುವವನೂ ಅಲ್ಲ. ಅದು ಎಂಥದ್ದು, ಯಾವ ಸ್ಥಿತಿಯಲ್ಲಿದೆ, ಇಟ್ಟುಕೊಳ್ಳಲು ಯೋಗ್ಯವೋ ಅಲ್ಲವೋ ಎಂದು ಹೇಳಿ ಅದಕ್ಕಷ್ಟು ಕಾಸು ಪಡೆಯುವವನು. ರಾಜಾಜಿನಗರ, ವಿಜಯನಗರದ ಬೆಳ್ಳಿ ಅಂಗಡಿಯವರು, ತೀರಿಕೊಂಡ ಅಜ್ಜಿಯ ಪೆಟ್ಟಿಗೆಯಲ್ಲಿ ಸಿಕ್ಕಿದ್ದನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡ ಮೊಮ್ಮಕ್ಕಳು, ಸಂಗ್ರಹದ ಹುಚ್ಚು ಹತ್ತಿದ ಆಫೀಸಿನವರು, ಎಲ್ಲರೂ ಬೆಳಗಿನ ಹೊತ್ತಿಗೇ ಬರಬೇಕು. ಬಿಸಿಲು ಮೇಜಿನಿಂದ ನೆಲಕ್ಕಿಳಿಯಿತೆಂದರೆ ಅಪ್ಪನ ಕೆಲಸ ಮುಗಿದ ಹಾಗೆ. ಆಮೇಲೆ ಬಂದವರು ಯಾರೇ ಆಗಿರಲಿ, ಒಂದೇ ಉತ್ತರ.

"ಟ್ಯೂಬ್‌ಲೈಟಲ್ಲಿ ಹೆಣ ನೋಡ್ಬೋದು ಸಾರ್, ನಾಣ್ಯ ನೋಡಕ್ಕಾಗಲ್ಲ. ನಾಳೆ ಬನ್ನಿ."

ಅಪ್ಪ ನೋಡುವ ರೀತಿಯನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತೆ. ನಾಣ್ಯದ ಮುಖಕ್ಕೆ ಬೆರಳು ತಾಗಬಾರದು, ಅಂಚನ್ನು ಮಾತ್ರ ಹಿಡಿಯಬೇಕು. ಜಾರಿ ಬಿದ್ದರೆ ಪೆಟ್ಟಾಗದಂತೆ ಕೆಳಗೆ ಮಡಿಸಿದ ಟವೆಲ್ ಇರಬೇಕು. ಮೊದಲು ಕೈ ಚಾಚಿ ದೂರ ಹಿಡಿದು ಮೆಲ್ಲಗೆ ಓರೆ ಮಾಡಬೇಕು. ಹೆಚ್ಚು ಜನರ ಕೈ ಸೇರದ ನಾಣ್ಯದಲ್ಲಿ ಬೆಳಕು ಒಂದೇ ಕಡೆ ನಿಲ್ಲುವುದಿಲ್ಲ, ಓರೆ ಮಾಡಿದ ಹಾಗೆಲ್ಲ ಮುಖದ ಸುತ್ತ ತಿರುಗುತ್ತದೆ. ಆಮೇಲೆ ಹತ್ತಿರ ತಂದು ಉಬ್ಬಿದ ಜಾಗಗಳನ್ನು ನೋಡಬೇಕು, ಏಕೆಂದರೆ ಮೊದಲು ಸವೆಯುವುದು ಅವೇ: ರಾಣಿಯ ಕೆನ್ನೆ, ಕಿವಿಯ ಮೇಲಿನ ಕೂದಲು, ರಾಜನ ಹುಬ್ಬು, ಗಡ್ಡ, ಕಿರೀಟದ ಮುತ್ತು. ಮುತ್ತುಗಳು ಬಿಡಿಬಿಡಿಯಾಗಿ ಕಂಡರೆ ಒಳ್ಳೆಯದು; ಒಂದಕ್ಕೊಂದು ಅಂಟಿಕೊಂಡು ಗೆರೆಯಾಗಿದ್ದರೆ ಸವೆದಿದೆ ಎಂದರ್ಥ. ಎಷ್ಟೋ ರೂಪಾಯಿಗಳು ಹೆಂಗಸರ ಕೊರಳಲ್ಲಿ ಸರವಾಗಿ ಬಾಳಿದವು, ಆದ್ದರಿಂದ ಅಂಚಿನಲ್ಲಿ ಕೊಂಡಿ ಬೆಸೆದು ಕಿತ್ತ ಗುರುತು ಇದೆಯೇ ಎಂದೂ ಹುಡುಕಬೇಕು. ಇಷ್ಟೆಲ್ಲ ಆದಮೇಲೆ ಅಪ್ಪ ನಾಣ್ಯವನ್ನು ಟವೆಲಿನ ಮೇಲಿಟ್ಟು, ಕಿಟಕಿಯಾಚೆ ಕಣ್ಣು ಹಾಯಿಸಿ, ಮತ್ತೆ ಅದರ ಕಡೆ ತಿರುಗುತ್ತಿದ್ದ. ಅದು ಕಳೆ ನೋಡುವುದು. ಸವೆತ ಬೇರೆ, ಕಳೆ ಬೇರೆ. ಕಣ್ಣು ಮೂಗು ಎಲ್ಲ ತೀಡಿದ ಹಾಗಿದ್ದೂ ಕಳೆಯಿಲ್ಲದ ನಾಣ್ಯಗಳಿವೆ. ಅರ್ಧಕ್ಕರ್ಧ ಸವೆದೂ ಕೆಳಗಿಡಲು ಮನಸ್ಸು ಬಾರದಂಥವೂ ಇವೆ.

"ಸವೆತ ಯಾರ್ ಬೇಕಾದ್ರೂ ಹೇಳ್ತಾರೆ ಕಣೇ ಗೌರಿ. ಕಳೆಗೆ ಒಂದೇ ಪರೀಕ್ಷೆ. ಕಣ್ಣು ಆಚೆ ತೆಗೆದ ಮೇಲೆ ಇನ್ನೊಂದ್ಸಲ ನೋಡ್ಬೇಕು ಅನ್ಸುತ್ತಾ?"

ಹೇಳುವಾಗ ಅಪ್ಪನಿಗೆ ದಯೆ ದಾಕ್ಷಿಣ್ಯ ಇರಲಿಲ್ಲ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತಿದ್ದ. ಒಬ್ಬ ಹೆಂಗಸು ತನ್ನ ತಾಯಿ ಕೊಟ್ಟದ್ದೆಂದು ಎದೆಗವಚಿಕೊಂಡು ತಂದ ರೂಪಾಯಿಯನ್ನು ನೋಡಿ, ಇದು ಅಚ್ಚು ಹಾಕಿದ್ದಲ್ಲ, ಎರಕ ಹೊಯ್ದ ನಕಲಿ ಎಂದ. ಆಕೆ ಅಲ್ಲೇ ಕುಸಿದು ಕೂತು ಅತ್ತಳು. ಒಳಗಿನಿಂದ ಅವ್ವ ಓಡಿಬಂದು ನೀರು ಕೊಟ್ಟು, ಏನಾದರೂ ಒಳ್ಳೆಯ ಮಾತು ಹೇಳಿ ಕಳಿಸಬಾರದೇ ಎಂದು ಕಣ್ಣಲ್ಲೇ ಬೇಡಿದಳು. ಅಪ್ಪ ಹೇಳಿದ್ದು ಇಷ್ಟೇ: "ನಾನು ಸುಳ್ಳು ಹೇಳಿದ್ರೆ ಅದು ನಿಜದ್ದಾಗುತ್ತಾ ತಾಯಿ?" ಆಕೆ ಹೋದಮೇಲೆ ಅವ್ವ ಎರಡು ಹೊತ್ತು ಅವನ ಜೊತೆ ಮಾತು ಬಿಟ್ಟಳು. ನಾನು ಅಪ್ಪನ ಪಕ್ಷ ವಹಿಸಿದೆ. ಆ ವಯಸ್ಸಿನಲ್ಲಿ ನನಗೆ ಅಪ್ಪನ ಮಾತೆಂದರೆ ಬರೆದಿಟ್ಟ ಹಾಗೆ.

ಅಪ್ಪನಿಗೆ ಸಿಟ್ಟು ನೆತ್ತಿಗೇರುತ್ತಿದ್ದದ್ದು ತೊಳೆದ ನಾಣ್ಯ ಕಂಡರೆ. ನಮ್ಮ ಮಂದಿಯ ಮನೆಗಳಲ್ಲಿ ಬೆಳ್ಳಿ ಅಂದರೆ ತೊಳೆಯಬೇಕಾದ ವಸ್ತು. ಲಿಂಗದ ಕರಡಿಗೆ, ದೀಪ, ಕುಂಕುಮದ ಭರಣಿ, ಯಾವುದನ್ನೇ ಆಗಲಿ ಹುಣಸೆಹಣ್ಣು ಹಚ್ಚಿ, ವಿಭೂತಿಯಲ್ಲಿ ಉಜ್ಜಿ ಬೆಳ್ಳಗೆ ಮಾಡಿದ ಮೇಲೇ ಪೂಜೆಗೆ ಇಡುವುದು. ಅದೇ ಭಕ್ತಿಯಲ್ಲಿ ಜನ ಹಳೆಯ ರೂಪಾಯಿಯನ್ನೂ ಚೆನ್ನಾಗಿ ಉಜ್ಜಿ, ಥಳಥಳ ಹೊಳೆಯಿಸಿ, ಇನ್ನೇನು ಮೆಚ್ಚಿಕೊಳ್ಳುತ್ತಾನೆ ಎಂಬ ನಗುಮುಖದಲ್ಲಿ ಅಪ್ಪನ ಮುಂದಿಡುತ್ತಿದ್ದರು. ಉಜ್ಜಿದ ನಾಣ್ಯದ ಮೈಮೇಲೆ ಕೂದಲಿಗಿಂತ ಸಣ್ಣ ಗೀರುಗಳೇಳುತ್ತವೆ. ಬೆಳಕು ತಿರುಗುವುದು ನಿಂತು ಸುಮ್ಮನೆ ಕಣ್ಣಿಗೆ ಹೊಡೆಯುತ್ತದೆ. ವರ್ಷಗಟ್ಟಲೆ ಕೂತು ಬಂದ ಬಣ್ಣ, ಅಂಚಿನಲ್ಲಿ ಬೆಲ್ಲದ ಪಾಕದ ಹಾಗೆ ಕಟ್ಟಿದ ಕಂದು, ಒಂದು ಹಿಡಿ ಬೂದಿಯಲ್ಲಿ ಹೊರಟುಹೋಗುತ್ತದೆ. "ಹೋಯ್ತು. ಹೋದದ್ದು ಇನ್ನು ಬರಲ್ಲ," ಎಂದು ಅಪ್ಪ ನಾಣ್ಯವನ್ನು ವಾಪಸು ತಳ್ಳುತ್ತಿದ್ದ. ತಂದವರು ತಮ್ಮ ತಪ್ಪೇನೆಂದು ತಿಳಿಯದೆ ಬೆಪ್ಪಾಗಿ ನಿಲ್ಲುತ್ತಿದ್ದರು.

ಮನೆಯಲ್ಲಿ ಅವ್ವ ತೊಳೆಯದ ಬೆಳ್ಳಿ ಒಂದೇ ಒಂದು. ದಾವಣಗೆರೆ ಕಡೆಯ ಹಳ್ಳಿಯಲ್ಲಿ ಅವಳ ಮದುವೆಯಾದಾಗ ಅತ್ತೆ ಉಡಿ ತುಂಬಿ, ಅಕ್ಕಿ, ಕೊಬ್ಬರಿ ಬಟ್ಟಲು, ಅರಿಸಿನದ ಕೊಂಬಿನ ಜೊತೆಗೆ ಹಾಕಿದ್ದ, ಇಂಗ್ಲಿಷರ ಕಾಲದ ರಾಜನ ಛಾಪಿನ ರೂಪಾಯಿ. ಒಂದು ಕಡೆ ಕಿರೀಟ ಇಟ್ಟ ರಾಜ, ಇನ್ನೊಂದು ಕಡೆ ಹೂಬಳ್ಳಿಯ ನಡುವೆ ಅಕ್ಷರಗಳು. ರಾಜನ ನಿಲುವಂಗಿಯ ಮೇಲೊಂದು ಹಾರ, ಆ ಹಾರದಲ್ಲಿ ಎಳ್ಳಿನಷ್ಟು ದೊಡ್ಡ ಆನೆ. ಈ ರಾಜನ ರೂಪಾಯಿ ಮೊದಲು ಬಂದಾಗ ಆನೆಯ ಸೊಂಡಿಲು ಗಿಡ್ಡವಾಗಿ, ನೋಡಿದವರಿಗೆ ಹಂದಿಯಂತೆ ಕಂಡು, ಜನ ಮುಟ್ಟಲೊಲ್ಲೆವೆಂದು ಗಲಾಟೆ ಮಾಡಿದರಂತೆ. ಸರ್ಕಾರ ಬಹುಪಾಲು ಹಿಂದಕ್ಕೆ ಪಡೆದು ಕರಗಿಸಿ, ಸೊಂಡಿಲು ಉದ್ದ ಮಾಡಿ ಮತ್ತೆ ಅಚ್ಚು ಹಾಕಿತಂತೆ. ಹಾಗಾಗಿ ಹಂದಿ ರೂಪಾಯಿಗೆ ಬಲು ಬೇಡಿಕೆ. ನಮ್ಮದು ಆಮೇಲಿನ ಆನೆ ರೂಪಾಯಿ, ಅಂಥ ಅಪರೂಪದ್ದೇನಲ್ಲ. ಆದರೆ ಅದರಷ್ಟು ಕಳೆಯಿದ್ದ ಇನ್ನೊಂದನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಮೂರು ತಲೆಮಾರು ಅರಿಸಿನದ ಬಟ್ಟೆಯಲ್ಲಿ ಸುತ್ತಿಕೊಂಡಿದ್ದು ಅಂಚೆಲ್ಲ ಹೊಂಬಣ್ಣಕ್ಕೆ ತಿರುಗಿತ್ತು, ನಡುವೆ ಬೆಳಕು ಇನ್ನೂ ಓಡಾಡುತ್ತಿತ್ತು. ದೀಪಾವಳಿಯ ಲಕ್ಷ್ಮೀಪೂಜೆಗೆ ಅದನ್ನು ತಟ್ಟೆಯಲ್ಲಿಟ್ಟರೂ ಕುಂಕುಮ ಹಚ್ಚುವುದು ಕೆಳಗಿನ ವೀಳ್ಯದೆಲೆಗೆ. ಅವ್ವನಿಗೆ ಇದು ತಡೆಯದ ಸಂಕಟ.

"ನನ್ನ ಉಡಿಗೆ ಬಿದ್ದ ರೂಪಾಯಿ. ನಾನೇ ಮುಟ್ಟಂಗಿಲ್ಲ, ತೊಳಿಯಂಗಿಲ್ಲ. ದೇವ್ರ ಮುಂದೆ ಕೊಳಕು ಇಟ್ಟಂಗಾಗುತ್ತೆ ಕಣ್ರೀ."

"ಅದು ಕೊಳಕಲ್ಲ ಮಾರಾಯ್ತಿ. ಅದರ ವಯಸ್ಸು."

ಅವ್ವನಿಗೆ ಒಂದು ಅಭ್ಯಾಸವಿತ್ತು. ಯಾರಿಗಾದರೂ ಏನಾದರೂ ತೋರಿಸಬೇಕಾದರೆ ಅದನ್ನು ಮೇಲೆತ್ತಿ ತನ್ನ ಕಡೆಗೇ ಮುಖ ಮಾಡಿ ಹಿಡಿಯುತ್ತಿದ್ದಳು. ಹೊಸ ಕುಪ್ಪಸದ ಕಸೂತಿಯಾಗಲಿ, ನನ್ನ ಶಾಲೆಯ ಫೋಟೊ ಆಗಲಿ, ಎದುರಿಗಿದ್ದವರಿಗೆ ಕಾಣುವುದು ಬೆನ್ನು. "ನನಗೆ ತೋರಿಸ್ತಿದೀಯೋ, ನೀನೇ ನೋಡ್ಕೊಂಡು ಖುಷಿ ಪಡ್ತಿದೀಯೋ?" ಎಂದು ಅಪ್ಪ ಪ್ರತಿಸಲ ರೇಗಿಸುತ್ತಿದ್ದ. ಅವಳು ನಾಲಿಗೆ ಕಚ್ಚಿಕೊಂಡು ತಿರುಗಿಸುತ್ತಿದ್ದಳು. ಮಾತು ಬಿಟ್ಟ ದಿನಗಳಲ್ಲೂ ಈ ಒಂದು ತಮಾಷೆ ಅವರಿಬ್ಬರನ್ನು ಮತ್ತೆ ನಗಿಸುತ್ತಿತ್ತು.

ಆ ರೂಪಾಯಿ ಈಗ ಕೆಂಗೇರಿಯ ನನ್ನ ಮನೆಯಲ್ಲಿದೆ. ಈಚೆಗೆ ಒಂದು ನಾಣ್ಯ ಪ್ರದರ್ಶನಕ್ಕೆ ಹೋದಾಗ ಸುಮ್ಮನೆ ಪರ್ಸಿನಲ್ಲಿಟ್ಟುಕೊಂಡು ಹೋಗಿದ್ದೆ. ಸ್ಟಾಲಿನವನು ಮೊಬೈಲಿನ ಬೆಳಕು ಬಿಟ್ಟು ನೋಡಿ, "ಛೆ ಆಂಟಿ, ಉಜ್ಜಿ ಹಾಳ್ ಮಾಡ್ಬಿಟ್ಟಿದಾರೆ. ಒಳ್ಳೇ ಪೀಸ್ ಆಗಿತ್ತು," ಎಂದ. ಅವನು ಹೇಳಿದ್ದರಲ್ಲಿ ಒಂದಕ್ಷರ ತಪ್ಪಿರಲಿಲ್ಲ. ಆದರೂ ನನಗೆ ಮೈಯೆಲ್ಲ ಉರಿದು, ಅವನ ಕೈಯಿಂದ ಕಿತ್ತುಕೊಂಡ ಹಾಗೆ ತೆಗೆದುಕೊಂಡು ಬಂದೆ. ಮೆಟ್ರೊದಲ್ಲಿ ಕೂತಮೇಲೂ ಸಿಟ್ಟು ಇಳಿದಿರಲಿಲ್ಲ. ಅದು ಹೇಗೆ ಹಾಳಾಯಿತು ಎಂದು ಹೇಳಬೇಕಾದರೆ ಅಪ್ಪನ ಕಣ್ಣಿನ ವಿಷಯ ಹೇಳಬೇಕು.

ಅಪ್ಪನ ಬೆಳಗು ಶುರುವಾಗುತ್ತಿದ್ದದ್ದು ಲಿಂಗಪೂಜೆಯಿಂದ, ಆಮೇಲೆ ಆ ರೂಪಾಯಿಯಿಂದ. ಹಣೆಯ ಮೇಲಿನ ವಿಭೂತಿ ಒಣಗುವ ಮೊದಲೇ ಮೇಜಿಗೆ ಬಂದು, ಅರಿಸಿನದ ಬಟ್ಟೆ ಬಿಚ್ಚಿ, ಬರಿಗಣ್ಣಲ್ಲಿ ಆನೆಯನ್ನು ಹುಡುಕುತ್ತಿದ್ದ. ತೂಕ ಹಾಕುವವರು ಬೆಳಿಗ್ಗೆ ತಕ್ಕಡಿ ಸರಿಯಿದೆಯೇ ಎಂದು ನೋಡಿಕೊಳ್ಳುವ ಹಾಗೆ. ನಾನು ಪಕ್ಕದಲ್ಲಿ ನಿಂತಿದ್ದರೆ "ಆನೆಯೋ ಹಂದಿಯೋ?" ಎನ್ನುತ್ತಿದ್ದ, ನಾನು "ಆನೆ" ಎಂದು ಕೂಗುತ್ತಿದ್ದೆ. ಆಟ ಯಾವತ್ತು ಆಟವಾಗಿ ಉಳಿಯಲಿಲ್ಲ ಎಂದು ನನಗೆ ಸರಿಯಾಗಿ ಗೊತ್ತಿಲ್ಲ. ಮೊದಲು ಭೂತಗನ್ನಡಿ ಬಂತು. ಆಮೇಲೆ ಅದಕ್ಕಿಂತ ದಪ್ಪನೆಯದು. ಪಕ್ಕದಲ್ಲೇ ಇಟ್ಟ ನೀರಿನ ಲೋಟ ಮೊಣಕೈ ತಾಗಿ ಉರುಳತೊಡಗಿತು. ಪುಟ್ಟಮ್ಮ ಆಂಟಿ ಬಾಗಿಲ ಮುಂದೆ ಹಾಕಿದ ರಂಗೋಲಿಯ ಮೇಲೆ ಅಪ್ಪ ಕಾಲಿಟ್ಟು ನಡೆದುಹೋದ. ಆಕೆ "ಏನ್ ಸಾ, ಅಷ್ಟು ದೊಡ್ಡದಾಗಿ ಹಾಕಿದೀನಿ, ಕಾಣಲ್ವಾ?" ಎಂದು ಕೂಗಾಡಿದಳು. ಕಾಣಲಿಲ್ಲ ಎಂದು ಹೇಳುವುದಕ್ಕಿಂತ ಬೈಸಿಕೊಳ್ಳುವುದೇ ವಾಸಿ ಎಂದು ಅಪ್ಪ ಸುಮ್ಮನಿದ್ದ. ಒಂದು ಬೆಳಿಗ್ಗೆ ಅವನು ರೂಪಾಯಿಯನ್ನು ಬಿಸಿಲಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದ. ಮುಖದಲ್ಲಿ ಆಟ ಇರಲಿಲ್ಲ.

"ಗೌರಿ. ಆನೆ ಅಲ್ಲೇ ಇದೆಯಾ?"

ಇದೆ ಅಪ್ಪಾ ಎಂದೆ. ಅಪ್ಪ ಬಟ್ಟೆ ಸುತ್ತಿ ಒಳಗಿಟ್ಟ.

ಕಣ್ಣಿನ ಆಸ್ಪತ್ರೆಯಲ್ಲಿ ಡಾಕ್ಟರು ಒಳ್ಳೆಯವರು, ಕೂರಿಸಿಕೊಂಡು ನಿಧಾನವಾಗಿ ಹೇಳಿದರು. ಕಣ್ಣಿನ ಒತ್ತಡದಿಂದ ಒಳಗಿನ ನರ ಒಣಗಿದೆ. ನೋವಿಲ್ಲದ ಕಾಯಿಲೆ, ಅದಕ್ಕೇ ತಡವಾಗಿ ಬಂದಿದ್ದೀರಿ. ಡ್ರಾಪ್ಸ್ ಹಾಕಿದರೆ ಉಳಿದಿರುವುದು ಇನ್ನಷ್ಟು ದಿನ ಉಳಿಯಬಹುದು. ಹೋದದ್ದು ಬರುವುದಿಲ್ಲ. ಆ ಕಡೆಯ ಮಾತು ಕೇಳಿ ಅಪ್ಪ ಸಣ್ಣಗೆ ನಕ್ಕ. ಡಾಕ್ಟರಿಗೆ ಅದೇಕೆಂದು ತಿಳಿಯಲಿಲ್ಲ, ನನಗೆ ತಿಳಿಯಿತು. ಅವ್ವ ಮಾತ್ರ ಆ ಮಾತನ್ನು ಕೇಳಿಸಿಕೊಳ್ಳಲೇ ಇಲ್ಲ. ಮನೆಗೆ ಬಂದವಳೇ ತೋಚಿದ ಕಡೆಗೆಲ್ಲ ಓಡಿದಳು. ಹೊನಗೊನೆ ಸೊಪ್ಪು ಕಣ್ಣಿಗೆ ಒಳ್ಳೆಯದೆಂದು ಯಾರೋ ಹೇಳಿದ್ದೇ ತಡ, ನಮ್ಮ ಮನೆಯ ಜೋಳದ ರೊಟ್ಟಿಗೆ ದಿನವೂ ಅದೇ ಪಲ್ಯ, ಅದೇ ಸಾರು. ಬಾಯಿಗಿಟ್ಟರೆ ವಾಕರಿಕೆ ಬರುವ ಹಾಗಾದರೂ ಅಪ್ಪ ಮಾತಾಡದೆ ನುಂಗುತ್ತಿದ್ದ. ನಂದಿಬಟ್ಟಲ ಹೂವನ್ನು ತಣ್ಣೀರಲ್ಲಿ ಅದ್ದಿ ರೆಪ್ಪೆಯ ಮೇಲಿಟ್ಟಳು. ನೆತ್ತಿಗೆ ಹರಳೆಣ್ಣೆ ತಟ್ಟಿದಳು. ಪುಟ್ಟಮ್ಮ ಆಂಟಿ, ರಂಗೋಲಿಗೆ ಬೈದದ್ದಕ್ಕೆ ತಾನೇ ನೊಂದುಕೊಂಡು, ತಮ್ಮ ಹೇರೋಹಳ್ಳಿಯ ಊರದೇವತೆ ಅಮ್ಮನಿಗೆ ಬೆಳ್ಳಿ ಕಣ್ಣು ಒಪ್ಪಿಸ್ತೀನಿ ಅಂತ ಹರಸ್ಕೊಳ್ಳಿ ಎಂದಳು. ಲಿಂಗ ಕಟ್ಟಿದವಳು ಊರದೇವತೆಗೆ ಹರಸಿಕೊಳ್ಳುವುದೇ ಎಂದು ಅಪ್ಪ ಒಪ್ಪಲಿಲ್ಲ. ಅವ್ವ ಅವನಿಗೆ ಹೇಳದೆ ಹೋಗಿ ಬೆಳ್ಳಿ ಕಣ್ಣು ಒಪ್ಪಿಸಿ, ತನ್ನ ದೇವರಿಗೂ ಅಳುತ್ತ ತಪ್ಪುಕಾಣಿಕೆ ಇಟ್ಟಳು. ಯಾವ ದೇವರೂ ಓಗೊಡಲಿಲ್ಲ. ನನಗಂತೂ ಅವರೆಲ್ಲರ ಮೇಲೂ ಕೋಪ ಬಂದಿತ್ತು, ಇವತ್ತಿಗೂ ಪೂರ್ತಿ ಹೋಗಿಲ್ಲ.

ಕೆಲಸ ಮಾತ್ರ ನಿಲ್ಲಲಿಲ್ಲ, ಏಕೆಂದರೆ ಅಪ್ಪ ನನ್ನನ್ನು ಮೇಜಿನ ಪಕ್ಕ ನಿಲ್ಲಿಸಿಕೊಂಡ. ಬಂದವರ ಎದುರಿಗೆ ಮಗಳಿಗೆ ಕಲಿಸುತ್ತಿರುವವನ ಹಾಗೆ ಕೇಳುತ್ತಿದ್ದ. ಕೆನ್ನೆ? ಸ್ವಲ್ಪ ಚಪ್ಪಟೆ ಅಪ್ಪಾ. ಮುತ್ತು? ಬಿಡಿಬಿಡಿಯಾಗಿವೆ. ಅಂಚು? ಒಂದು ಕಡೆ ಉಜ್ಜಿದ ಹಾಗಿದೆ, ಕೊಂಡಿ ಇತ್ತು ಅನ್ಸುತ್ತೆ. ಅಷ್ಟು ಕೇಳಿಕೊಂಡು ಅಪ್ಪ ತೀರ್ಪು ಹೇಳುತ್ತಿದ್ದ, ಅದು ತಪ್ಪುತ್ತಿರಲಿಲ್ಲ. ಹುಡುಗಿ ಚುರುಕಾಗಿದ್ದಾಳೆ ಎಂದು ಜನ ಹೊಗಳಿ ಹೋಗುತ್ತಿದ್ದರು. ನನಗೆ ಮಾತ್ರ ಒಂದೇ ಯೋಚನೆ. ಒಂದು ಗೀರು ನನ್ನ ಕಣ್ಣಿಗೆ ಬೀಳದಿದ್ದರೆ ಅಪ್ಪನ ಮಾತು ಸುಳ್ಳಾಗುತ್ತದೆ. ಅಪ್ಪನ ಮಾತು ಸುಳ್ಳಾದರೆ ನಮ್ಮ ಮನೆಯೇ ಇಲ್ಲ. ಶಾಲೆಯಲ್ಲಿ ಕೂತು ಒಂದು ಕಣ್ಣು ಮುಚ್ಚಿ, ಇನ್ನೊಂದು ಮುಚ್ಚಿ, ನನಗೂ ಹೋಗುತ್ತಿದೆಯೇ ಎಂದು ಬೋರ್ಡನ್ನು ಪರೀಕ್ಷಿಸುತ್ತಿದ್ದೆ. ಜನರ ಮುಖ, ಗೋಡೆಯ ಬಿರುಕು, ತಟ್ಟೆಯಂಚಿನ ಚಕ್ಕೆ, ಎಲ್ಲವನ್ನೂ ಬಿಡದೆ ನೋಡುವ ಚಟ ನನಗೆ ಹತ್ತಿದ್ದು ಆಗಲೇ. ಜನ ಇದನ್ನು ನನ್ನ ಗುಣ ಎನ್ನುತ್ತಾರೆ. ಅದು ಭಯ.

ಆ ಭಯ ನಿಜವಾದದ್ದು ಮಲ್ಲಣ್ಣ ಬಂದ ದಿನ. ರಾಜಾಜಿನಗರದಲ್ಲಿ ಬೆಳ್ಳಿ ಅಂಗಡಿ ಇಟ್ಟಿದ್ದ ಮಲ್ಲಣ್ಣ ಅಪ್ಪನನ್ನು ಕೇಳದೆ ಒಂದು ಹಳೆಯ ನಾಣ್ಯವನ್ನೂ ಮುಟ್ಟುತ್ತಿರಲಿಲ್ಲ. ಅವತ್ತು ಹತ್ತಿಯಲ್ಲಿ ಸುತ್ತಿ ತಂದದ್ದು ರಾಜನ ರೂಪಾಯಿ. ಮಾರುವವನು ಇದು ಹಂದಿ ಎನ್ನುತ್ತಿದ್ದಾನೆ, ಹೌದೋ ಅಲ್ಲವೋ ಎಂದು ಅಪ್ಪ ಹೇಳಬೇಕು. ಅಪ್ಪ ಎಂದಿನಂತೆ ನನ್ನನ್ನು ಕರೆದ. ಮಲ್ಲಣ್ಣ ಕೈ ಅಡ್ಡ ಇಟ್ಟ.

"ಬ್ಯಾಡ ಸಾರ್. ಮಗು ಇನ್ನೊಂದಿನ ಕಲೀಲಿ. ಇದನ್ನ ನೀವೇ ನೋಡ್ಬೇಕು, ನಿಮ್ ಬಾಯಿಂದ್ಲೇ ಬರ್ಬೇಕು."

ಅಪ್ಪ ನಾಣ್ಯ ಎತ್ತಿಕೊಂಡ. ದೂರ ಹಿಡಿದು ಓರೆ ಮಾಡಿದ, ಹತ್ತಿರ ತಂದ, ದಪ್ಪ ಗಾಜು ಇಟ್ಟ, ಗಾಜು ತೆಗೆದ. ಅವನ ಭುಜಕ್ಕೆ ತಾಗಿ ನಿಂತಿದ್ದ ನನಗೆ ಸೊಂಡಿಲು ಕಾಣುತ್ತಿತ್ತು, ಉದ್ದಕ್ಕೆ, ನೆಲದವರೆಗೆ. ಆನೆ ಎಂಬ ಒಂದು ಮಾತು ನನ್ನ ಬಾಯಲ್ಲಿ ಕುದಿಯುತ್ತಿತ್ತು. ಅಪ್ಪ ಊಹಿಸಿ ಅದನ್ನೇ ಹೇಳಿದ್ದರೂ ಸರಿಹೋಗುತ್ತಿತ್ತು, ಹಂದಿಗಳು ಎಷ್ಟು ಅಪರೂಪವೆಂದು ಅವನಿಗಿಂತ ಚೆನ್ನಾಗಿ ಬಲ್ಲವರಿರಲಿಲ್ಲ. ಅವನು ನಾಣ್ಯವನ್ನು ಟವೆಲಿನ ಮೇಲೆ ಮೆಲ್ಲಗೆ ಇಟ್ಟು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡ.

"ನನಗೆ ಕಾಣ್ತಾ ಇಲ್ಲ ಮಲ್ಲಣ್ಣ."

"ಯಾಕ್ ಸಾರ್, ಅಷ್ಟು ಸವೆದಿದೆಯಾ?"

"ನಾಣ್ಯ ಚೆನ್ನಾಗೇ ಇರ್ಬೋದು. ನನ್ ಕಣ್ಣು ಹೋಗಿದೆ."

ಮಲ್ಲಣ್ಣ ಗರಬಡಿದವನ ಹಾಗೆ ಕೂತ. ಯಾರಿಗೂ ಹೇಳಲ್ಲ ಸಾರ್ ಎಂದು ಅಪ್ಪನ ಕೈ ಹಿಡಿದುಕೊಂಡು ಅತ್ತೇಬಿಟ್ಟ. ಅವನು ಹೇಳಿರಲಿಕ್ಕಿಲ್ಲ, ಆದರೆ ಇಂಥ ಸುದ್ದಿಗೆ ಹೇಳುವವರು ಬೇಕಿಲ್ಲ. ಬರುವವರು ಕಡಿಮೆಯಾಗಿ, ಆಮೇಲೆ ಯಾರೂ ಬರದಾದರು. ಅವತ್ತು ಮಲ್ಲಣ್ಣ ಹೊಸಿಲು ದಾಟುತ್ತಿದ್ದ ಹಾಗೇ ಅವ್ವ ಅಡುಗೆಮನೆಯಿಂದ ಹೊರಗೆ ಬಂದು ಗೋಡೆಗೆ ತಲೆ ಚಚ್ಚಿಕೊಂಡಳು. ನಾನು ಅಂಥ ಜಗಳವನ್ನು ನಮ್ಮ ಮನೆಯಲ್ಲಿ ಹಿಂದೆ ಕಂಡಿರಲಿಲ್ಲ, ಮುಂದೆಯೂ ಕಾಣಲಿಲ್ಲ.

"ಆನೆ ಅಂದಿದ್ರೆ ಏನ್ ಹೋಗ್ತಿತ್ತು ನಿಮ್ ಗಂಟು? ಒಂದೇ ಒಂದ್ ಮಾತು! ಹೆಂಡ್ತಿ ಮಗಳ ಮುಖ ನೋಡಾದ್ರೂ ಅನ್ಬಾರ್ದಿತ್ತಾ?"

"ಕಾಣದ್ದನ್ನ ಕಾಣ್ತು ಅಂತ ಈ ಬಾಯಲ್ಲಿ ಬರಲ್ಲ ಕಣೇ."

"ಹಂಗಾದ್ರೆ ನಾವೇನ್ ಮಾಡೋದು? ಹೇಳ್ರೀ. ನಾವೇನ್ ಮಾಡೋದು?"

ಉತ್ತರವನ್ನು ಅವ್ವ ತಾನೇ ಕಂಡುಕೊಂಡಳು. ಸುತ್ತಮುತ್ತಲಿನ ನಾಲ್ಕು ಮನೆಗೆ ರೊಟ್ಟಿ ತಟ್ಟಿ ಕೊಡತೊಡಗಿದಳು. ಬೆಳಗಿನಿಂದ ಅಡುಗೆಮನೆಯಲ್ಲಿ ಪಟಪಟ ಸದ್ದು, ಮುಂದಿನ ಕೋಣೆಯಲ್ಲಿ ಸದ್ದೇ ಇಲ್ಲ. ಅಪ್ಪ ಮಾತ್ರ ಅದೇ ಮೇಜಿನ ಮುಂದೆ ಅದೇ ಹೊತ್ತಿಗೆ ಬಂದು ಕೂರುತ್ತಿದ್ದ. ಟವೆಲ್ ಮಡಿಸಿಯೇ ಇರುತ್ತಿತ್ತು. ಬಿಸಿಲು ಬಂದು, ಮೇಜಿನ ಮೇಲೆ ಕೂತು, ಇಳಿದು ಹೋಗುತ್ತಿತ್ತು. ಈಗ ಆ ಜಾಗ ಯಾರಿಗೆ ಬೇಕಾದರೂ ಸಿಗುತ್ತಿತ್ತು, ಆದರೆ ಅವ್ವ ಒಂದು ದಿನವೂ ಮೊರ ಹಿಡಿದು ಅಲ್ಲಿಗೆ ಬರಲಿಲ್ಲ, ಪುಟ್ಟಮ್ಮ ಆಂಟಿ ಸೀರೆ ಇಳಿಬಿಡಲಿಲ್ಲ. ಅಪ್ಪ ಬೆಳಗಿನ ರೂಪಾಯಿಯನ್ನೂ ನಿಲ್ಲಿಸಿದ. ಊಟ ಕಡಿಮೆ ಮಾಡಿದ. ಯಾರಾದರೂ ಮಾತಾಡಿಸಿದರೆ ಹೂಂ, ಉಹೂಂ, ಅಷ್ಟೇ. ಒಮ್ಮೆ ನಾನು ತಲೆ ಒಣಗಿಸಿಕೊಳ್ಳುವ ನೆಪದಲ್ಲಿ ಹೋಗಿ ಅವನ ಬಿಸಿಲಿಗೆ ಅಡ್ಡ ನಿಂತೆ. ಬೈಯಲಿ ಎಂದೇ ನಿಂತದ್ದು. ಅಪ್ಪನಿಗೆ ನೆರಳು ಬಿದ್ದದ್ದೂ ಗೊತ್ತಾಗಲಿಲ್ಲ. ನಾನು ಬಚ್ಚಲಿಗೆ ಹೋಗಿ ಬಾಯಿಗೆ ಲಂಗ ತುರುಕಿಕೊಂಡು ಅತ್ತೆ.

ಅವ್ವ ದಡ್ಡಿಯಲ್ಲ, ಇದನ್ನು ಸ್ಪಷ್ಟವಾಗಿ ಹೇಳುತ್ತೇನೆ. ತೊಳೆದರೆ ಏನಾಗುತ್ತದೆಂದು ಆ ಮನೆಯಲ್ಲಿ ಅವಳಿಗಿಂತ ಹೆಚ್ಚು ಸಲ ಕೇಳಿಸಿಕೊಂಡವರಿಲ್ಲ. ಆದರೆ ಎಲ್ಲ ಬಾಗಿಲೂ ಮುಚ್ಚಿದಾಗ ಮನುಷ್ಯರಿಗೆ ಗೋಡೆಯೂ ಬಾಗಿಲಾಗಿ ಕಾಣುತ್ತದೆ. ಒಂದು ಬೆಳಿಗ್ಗೆ ನಾನು ಸ್ನಾನ ಮುಗಿಸಿ ಬಂದಾಗ ಅಡುಗೆಮನೆಯಲ್ಲಿ ರೊಟ್ಟಿಯ ಸದ್ದು ನಿಂತಿತ್ತು, ಹುಣಸೆಹಣ್ಣಿನ ಹುಳಿ ವಾಸನೆ ಬರುತ್ತಿತ್ತು. ಅವ್ವ ನೆಲದ ಮೇಲೆ ಕೂತು ಹಳೆಯ ಪಂಚೆಯ ತುಂಡಿನಲ್ಲಿ ಏನನ್ನೋ ತಿಕ್ಕುತ್ತಿದ್ದಳು. ಮುಂದೆ ಪುಡಿ ಮಾಡಿದ ವಿಭೂತಿ ಗಟ್ಟಿ, ಪಕ್ಕದಲ್ಲಿ ಬಿಚ್ಚಿ ಬಿದ್ದ ಅರಿಸಿನದ ಬಟ್ಟೆ. ಬೆರಳುಗಳೆಲ್ಲ ಕಪ್ಪಾಗಿದ್ದವು. ನಾನು ನೋಡಿದ ಕೂಡಲೇ ಅಳೆದುಬಿಟ್ಟೆ, ಕಲಿತ ಕಣ್ಣು ಸುಮ್ಮನಿರುವುದಿಲ್ಲ. ಹೊಂಬಣ್ಣದ ಅಂಚು ಹೋಗಿತ್ತು. ಬೆಳಕು ತಿರುಗುತ್ತಿರಲಿಲ್ಲ. ಸ್ಟೀಲ್ ಚಮಚದ ಹಾಗೆ ಬೆಳ್ಳಗೆ ಹೊಳೆಯುತ್ತಿತ್ತು.

"ಅವ್ವಾ, ಏನ್ ಮಾಡ್ಬಿಟ್ಟೆ!"

"ಕಪ್ಪಾಗಿತ್ತು ಕಣೇ, ಅದಕ್ಕೇ ಕಾಣ್ತಿರ್ಲಿಲ್ಲ. ಈಗ ನೋಡು, ಹೆಂಗೆ ಬೆಳ್ಳಗಾಗಿದೆ. ಇಷ್ಟು ಬೆಳ್ಳಗಿದ್ರೆ ಯಾಕ್ ಕಾಣಲ್ಲ? ಕಂಡೇ ಕಾಣುತ್ತೆ."

ಹರಕೆ, ಹೂವು, ಸೊಪ್ಪು, ಎಣ್ಣೆ ಎಲ್ಲ ಮುಗಿದು ಅವಳ ಕೈಯಲ್ಲಿ ಇದೊಂದೇ ಉಳಿದಿತ್ತು. ಸೆರಗಲ್ಲಿ ಕೈ ಒರೆಸಿಕೊಂಡು ಅವ್ವ ಮುಂದಿನ ಕೋಣೆಗೆ ಓಡಿದಳು. ಅಪ್ಪ ಮೇಜಿನ ಮುಂದೆ ಕೂತಿದ್ದ, ಬಿಸಿಲು ಆಗಷ್ಟೇ ಮೇಜಿನ ತುದಿ ಮುಟ್ಟಿತ್ತು. ಅವಳು ಅವನ ಎದುರಿಗೆ ನಿಂತು, ಎರಡು ಬೆರಳಲ್ಲಿ ಅಂಚು ಹಿಡಿದು, ಅವನು ಕಲಿಸಿದ ಹಾಗೇ ಹಿಡಿದು, ರೂಪಾಯಿಯನ್ನು ಅವನ ಕಣ್ಣಿನ ಮುಂದೆ ಎತ್ತಿದಳು.

"ನೋಡ್ರೀ. ಈಗ ನೋಡ್ರೀ."

ಅಪ್ಪನ ಮೂಗಿನ ಹೊಳ್ಳೆ ಅರಳಿತು. ಹುಣಸೆ ಮತ್ತು ಬೂದಿಯ ವಾಸನೆ ಅವನಿಗೆ ಎಲ್ಲವನ್ನೂ ಹೇಳಿತು, ಅದು ನನಗೆ ಅವನ ಮುಖದ ಮೇಲೆ ಕಂಡಿತು. ಊರವರನ್ನೆಲ್ಲ ಬೈದು ಕಳಿಸಿದ ಮನುಷ್ಯ ಈಗ ಏನು ಮಾಡುತ್ತಾನೋ ಎಂದು ನಾನು ಬಾಗಿಲ ಚೌಕಟ್ಟು ಹಿಡಿದು ನಿಂತೆ. ಅಪ್ಪ ಕೈ ಚಾಚಿ ತಡವಿ ಅವ್ವನ ಮಣಿಕಟ್ಟನ್ನು ಹಿಡಿದುಕೊಂಡ. ನಾಣ್ಯವನ್ನು ಮುಟ್ಟಲಿಲ್ಲ. ಅವಳ ಕೈಯನ್ನೇ ಮೆಲ್ಲಗೆ ಓರೆ ಮಾಡಿದ, ದೂರ ಹಿಡಿದ, ಹತ್ತಿರಕ್ಕೆ ತಂದುಕೊಂಡ. ಎಷ್ಟೋ ಹೊತ್ತು ನೋಡಿದ. ಒಮ್ಮೆ ಕಿಟಕಿಯ ಕಡೆಗೆ ಮುಖ ತಿರುಗಿಸಿ, ಮತ್ತೆ ಈಚೆ ತಿರುಗಿ, ಇನ್ನೊಂದು ಸಲ ನೋಡಿದ.

"ಕಾಣ್ತು ಕಣೇ," ಎಂದ.

"ಏನ್ರೀ? ಏನ್ ಕಾಣ್ತು?"

"ಆನೆ. ಸೊಂಡ್ಲು ಸಮೇತ ಕಾಣ್ತು."

ನಾನು ಬಾಗಿಲಿನಿಂದ ಈಚೆ ಬಂದೆ. ಅಪ್ಪನ ಕಡೆಗಿದ್ದದ್ದು ಹೂಬಳ್ಳಿ ಮತ್ತು ಅಕ್ಷರ. ಅವ್ವ ತನ್ನ ಅಭ್ಯಾಸದಂತೆ ತನ್ನ ಕಡೆಗೇ ಮುಖ ಮಾಡಿ ಹಿಡಿದಿದ್ದಳು. ರಾಜ, ಕಿರೀಟ, ಹಾರ, ಹಾರದ ಆನೆ, ಎಲ್ಲ ಅವಳ ಕಣ್ಣೆದುರಿಗೇ ಹೊಳೆಯುತ್ತಿತ್ತು. ಅವಳು ಆ ಆನೆಯನ್ನು ನೋಡಿದಳು. ಆಮೇಲೆ ಅಪ್ಪನ ಮುಖವನ್ನು ನೋಡಿದಳು. ಈ ಸಲ ನಾಲಿಗೆ ಕಚ್ಚಿಕೊಳ್ಳಲಿಲ್ಲ, ರೂಪಾಯಿಯನ್ನು ತಿರುಗಿಸಲಿಲ್ಲ.

"ನಾನ್ ಹೇಳ್ಲಿಲ್ವಾ," ಎಂದಳು, "ತೊಳೆದ್ರೆ ಕಾಣುತ್ತೆ ಅಂತ."

"ಹೂಂ. ನೀನ್ ಹೇಳಿದ್ದೇ ಸರಿ," ಎಂದ ಅಪ್ಪ. ಅವಳ ಮಣಿಕಟ್ಟನ್ನು ಬಿಡಲಿಲ್ಲ.